ಮಂಚದ ಹಿಂದಿನ ಹಸಿರು

೧೯೬೮ರಲ್ಲಿ ನಾನು ನ್ಯೂರೆಂಬರ್ಗಿನಲ್ಲಿ, ಹಳೆಯ ಬಟ್ಟೆಗಳನ್ನು ದುರಸ್ತಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಕೆಮಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಎರ್ಲಾಂಗೆನ್ನಿನಲ್ಲಿ ಎಂಜಿನಿಯರಾಗಿದ್ದ ಗಂಡನ ಜೊತೆ ಬಂದವಳು. ನನ್ನ ಮೇಜಿಗೆ ಹೆಚ್ಚಾಗಿ ಬರುತ್ತಿದ್ದುದು ಟ್ಯಾಪೆಸ್ಟ್ರಿಗಳು, ಅಂದರೆ ಗೋಡೆಗೆ ತೂಗುಹಾಕುವ ದಪ್ಪ ನೇಯ್ಗೆಯ ಬಟ್ಟೆಗಳು. ಫ್ಲಾಂಡರ್ಸ್ ಸೀಮೆಯ ನೇಕಾರರು ಮುನ್ನೂರು ವರ್ಷದ ಹಿಂದೆ ಉಣ್ಣೆಯಲ್ಲಿ ನೇಯ್ದ ಕಾಡುಗಳವು: ಬರೀ ಮರ, ಎಲೆ, ಎಲ್ಲೋ ಒಂದು ಹಕ್ಕಿ. ಹಿಂದೆ ಚಳಿ ತಡೆಯಲೆಂದು ಗೋಡೆ ತುಂಬ ಹಾಕುತ್ತಿದ್ದರು. ನಮ್ಮ ಕಾಲಕ್ಕೆ ಅದು ಸೋಫಾ ಹಿಂದಿನ ಶೋಕಿ.

ಈ ಕಾಡುಗಳು ಈಗ ಬಹುಪಾಲು ನೀಲಿ. ನೇಯ್ದವರಿಗೇನೂ ತಲೆ ಕೆಟ್ಟಿರಲಿಲ್ಲ. ನೀಲಿ ನೂಲನ್ನು ಹಳದಿಯಲ್ಲಿ ಅದ್ದಿ ಹಸಿರು ಮಾಡುತ್ತಿದ್ದರು. ಗಿಡದಿಂದ ತೆಗೆದ ಆ ಹಳದಿ ಬೆಳಕಿಗೆ ಹಾರಿಹೋಗಿ, ನೀಲಿಯಷ್ಟೇ ಉಳಿಯುತ್ತದೆ. ರೇಷ್ಮೆ ಸೀರೆಯನ್ನು ನೆರಳಲ್ಲಿ ಆರಿಸು ಎಂದು ನಮ್ಮಮ್ಮ ಬೈಯುತ್ತಿದ್ದುದರ ಕೆಮಿಸ್ಟ್ರಿಯೂ ಇಷ್ಟೇ.

ಆ ವಸಂತದಲ್ಲಿ ಲಿಂಡ್ನರ್ ಎಂಬ ದಂಪತಿ ಮನೆಗೆ ಕರೆಸಿಕೊಂಡರು. ಹೆಂಡತಿಯ ತವರಿನಲ್ಲಿ ತಲೆಮಾರುಗಟ್ಟಲೆ ಪೆಟ್ಟಿಗೆಯಲ್ಲಿದ್ದ ಟ್ಯಾಪೆಸ್ಟ್ರಿ. ಮಗಳು ಗಿಜೆಲಾ ಹುಟ್ಟಿದಾಗ ಅವಳ ಕೋಣೆಗೆ ಹಾಕಿದ್ದರು. ದಕ್ಷಿಣದ ಕಿಟಕಿ, ಸುರಿಯುವ ಬಿಸಿಲು. ಕಾಡು ಪೂರಾ ನೀಲಿಯಾಗಿತ್ತು. ಕೆಳಗೆ ಒಂದು ಕಡೆ ಮಾತ್ರ ಕಮಾನಿನ ಆಕಾರದ ಅಚ್ಚ ಹಸಿರು.

“ಅಲ್ಲಿ ಅವಳ ಮಂಚದ ತಲೆಹಲಗೆ ಇತ್ತು,” ಎಂದರು ಶ್ರೀಮತಿ ಲಿಂಡ್ನರ್. ಹದಿನಾರು ವರ್ಷದ ಗಿಜೆಲಾ ಆ ಚಳಿಗಾಲದಲ್ಲಿ ಕಾಯಿಲೆಯಿಂದ ಹೋಗಿಬಿಟ್ಟಿದ್ದಳು. ನೋಡಲಾರದೆ ಗಂಡ ಒಂದು ದಿನ, ಹೆಂಡತಿ ಹೊರಗೆ ಹೋಗಿದ್ದಾಗ, ಮಂಚವನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಸಂಜೆ ಬಂದ ತಾಯಿಗೆ ಕಂಡದ್ದು ಗೋಡೆಯ ಮೇಲಿನ ಆ ಹಸಿರು ಮಂಚ.

“ಬೆಳಕಿಗಿಟ್ಟು ಅದನ್ನೂ ನೀಲಿ ಮಾಡಿಕೊಡಿ,” ಎಂದರು ಆತ. ಆಕೆ ಹಸಿರಿಗೆ ಬೆನ್ನು ಕೊಟ್ಟು ಅಡ್ಡ ನಿಂತರು. “ನನಗೆ ಉಳಿದಿರುವುದು ಇದೊಂದೇ.” ನೋಡಿ ಹೇಳುತ್ತೇನೆ ಎಂದು ಎದ್ದು ಬಂದೆ.

ಮನೆಯಲ್ಲಿ ನಮ್ಮವರದ್ದು ಬೇರೆ ರಾಗ. “ನಿಂಗ್ಯಾಕೇ ಇಲ್ಲದ ಉಸಾಬರಿ? ರಿಪೋರ್ಟ್ ಬರ್ದು ಕೊಟ್ಟು, ಫೈರ್‌ಆಬೆಂಡ್, ಇವತ್ತಿನ ಕೆಲ್ಸ ಮುಗೀತು ಅಂತ ಎದ್ದು ಬಾ.”

“ಉಸಾಬರಿಯಂತೆ! ನೀವೇ ಬಂದು ಆಯಮ್ಮನ ಮುಖ ನೋಡಿ ಈ ಮಾತು ಹೇಳಿ, ನೋಡೋಣ,” ಎಂದು ರೇಗಿದೆ.

ಮರುದಿನ ಹೋಗಿ, ಬೇಕೆಂದೇ ಬಣ್ಣ ಕೆಡಿಸುವುದು ನಮ್ಮ ಕೆಲಸವಲ್ಲ ಎಂದು ಆತನಿಗೆ ಖಡಾಖಂಡಿತವಾಗಿ ಹೇಳಿದೆ. ಆಕೆ ಕೇಳಿದರು, “ಹಾಗಾದರೆ ಹಸಿರು ಉಳಿಯುತ್ತದೆಯೇ?”

“ಕತ್ತಲಲ್ಲಿಟ್ಟರೆ ಉಳಿಯುತ್ತದೆ. ಬೆಳಕಿನಲ್ಲಿ ದಿನಾ ಒಂದಿಷ್ಟು ಹೋಗುತ್ತದೆ.”

“ಅಂದರೆ, ನಾನು ನೋಡಿ ನೋಡಿಯೇ ಅಳಿಸಿಬಿಡುತ್ತೇನೆ.”

ಹೌದು ಎಂದೆ. ಆಕೆ ಅಂದೇ ಕಿಟಕಿಯ ರೋಲ್‌ಲಾಡೆನ್ ಇಳಿಸಿದರು. ಅದು ಹೊರಗಿನಿಂದ ಬೀಳುವ ಮರದ ಪರದೆ; ಒಂದು ಎಳೆ ಬಿಸಿಲೂ ಒಳಗೆ ಬಾರದು. ಆಮೇಲೆ ವರ್ಷಕ್ಕೊಮ್ಮೆ ಹುಳ ಹಿಡಿದಿದೆಯೇ ಎಂದು ನೋಡಲು ನಾನು ಹೋದಾಗಲೆಲ್ಲ, ಆಕೆ ಆ ಕತ್ತಲಲ್ಲಿ ಕುರ್ಚಿ ಹಾಕಿಕೊಂಡು, ಗೋಡೆಯ ಮೇಲೆ ಅಂಗೈ ಇಟ್ಟು ಕೂತಿರುತ್ತಿದ್ದರು. ಕಾಣದಿದ್ದರೂ ಆ ಕಮಾನು ಎಲ್ಲಿದೆ ಎಂದು ಆ ಕೈಗೆ ಗೊತ್ತಿತ್ತು.

೧೯೭೪ರಲ್ಲಿ ಆತ ಫೋನ್ ಮಾಡಿದರು. ಹೆಂಡತಿ ತೀರಿಕೊಂಡಿದ್ದರು. ಟ್ಯಾಪೆಸ್ಟ್ರಿ ಇಳಿಸಲು ಕರೆಯುತ್ತಿದ್ದಾರೆ ಎಂದುಕೊಂಡು, ಸುತ್ತಿಡಲು ಬಟ್ಟೆ ಹಿಡಿದುಕೊಂಡೇ ಹೋದೆ. ಕೋಣೆಯ ಬಾಗಿಲು ತೆರೆದರು. ಕತ್ತಲಲ್ಲಿ ಏನೋ ಮೊಣಕಾಲಿಗೆ ತಾಗಿತು. ಮಂಚ!

“ಹಳೆಯದನ್ನು ಹುಡುಕಿದೆ. ಕೊಂಡುಹೋದವರು ಊರು ಬಿಟ್ಟಿದ್ದಾರೆ,” ಎಂದರು. “ಬಡಗಿಯನ್ನು ಕರೆಸಿ, ಆ ಹಸಿರಿನ ಮೇಲೆ ಕಾಗದ ಹಿಡಿದು ಅಳತೆ ತೆಗೆಸಿ ಇದನ್ನು ಮಾಡಿಸಿದೆ. ಇನ್ನು ಬೆಳಕು ಬಿಡಬಹುದಲ್ಲವೇ?”

ಟಾರ್ಚ್ ಹಾಕಿ, ತಲೆಹಲಗೆಯ ಅಂಚಿನಲ್ಲಿ ಬೆರಳಾಡಿಸಿ ನೋಡಿದೆ. ಕೂದಲೆಳೆಯಷ್ಟೂ ಹಸಿರು ಹೊರಗೆ ಉಳಿದಿರಲಿಲ್ಲ. ಬಿಡಬಹುದು ಎಂದೆ.

ಆತ ರೋಲ್‌ಲಾಡೆನ್ ಎತ್ತಿದರು. ಬಿಸಿಲು ನೀಲಿ ಕಾಡಿನ ಮೇಲೆ, ಖಾಲಿ ಮಂಚದ ಮೇಲೆ, ಪಕ್ಕದಲ್ಲಿದ್ದ ಆಕೆಯ ಕುರ್ಚಿಯ ಮೇಲೆ ಬಿತ್ತು. ಆತ ಕುರ್ಚಿಯನ್ನೇ ನೋಡುತ್ತಾ, “ಅವಳು ಇದ್ದಾಗ ನನಗಿದು ಹೊಳೆಯಲಿಲ್ಲ,” ಎಂದು ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ.

ಬಣ್ಣ ಹೇಗೆ ಹೋಗುತ್ತದೆ ಎಂಬುದನ್ನು ನನಗೆ ಕಾಲೇಜು ಕಲಿಸಿತ್ತು. ಉಳಿದದ್ದು ಆ ಮನೆ ಕಲಿಸಿತು. ಆಮೇಲೆ ನಿವೃತ್ತಿಯವರೆಗೂ, ಯಾರ ಮನೆಗೆ ಹೋದರೂ ಬಟ್ಟೆ ಮುಟ್ಟುವ ಮೊದಲು ಒಂದು ಮಾತು ಕೇಳುತ್ತಿದ್ದೆ: ಇದರ ಮುಂದೆ ಯಾರು ಮಲಗುತ್ತಿದ್ದರು?