ಬುಧವಾರದ ತಾರೀಖು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇಚಲಕರಂಜಿಯ ಬಟ್ಟೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ತಪಾಸಣೆಯ ಮೇಜಿನ ಮುಂದೆ ನಿಂತವಳಿಗೆ ಅಷ್ಟಾದರೂ ಇರಬೇಡವೇ? ಮಗ್ಗದಿಂದ ಇಳಿದ ಬಟ್ಟೆಯನ್ನು ಟ್ಯೂಬ್‌ಲೈಟಿನ ಮೇಲೆ ಎಳೆಯುತ್ತ, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಎಣ್ಣೆಯ ಕಲೆ ಬಿದ್ದಿದೆ ಎಂದು ಹುಡುಕಿ ಗುರುತು ಹಾಕುವುದು ಆಗ ನನ್ನ ಕೆಲಸ. ದಿನವಿಡೀ ಬೇರೆಯವರ ತಪ್ಪು ಹುಡುಕಿ ಸಂಬಳ ತಗೊಳ್ಳುತ್ತಿದ್ದವಳು ನಾನು.

ಹಿಟ್ಟಿನ ವ್ಯಾಪಾರ ಶುರು ಮಾಡಿದ್ದು ಘರಘಂಟಿ ಕೊಂಡ ಮೇಲೆ. ಸಣ್ಣ ಕಪಾಟಿನಷ್ಟಿರುವ, ಮನೆಯಲ್ಲೇ ಹಿಟ್ಟು ಬೀಸುವ ಯಂತ್ರ ಅದು. ನಮ್ಮ ಜೈನ ಮನೆಗಳಲ್ಲಿ ವ್ರತ ಹಿಡಿದವರು ಹಿಟ್ಟಿನ ಮರ್ಯಾದೆ ನೋಡುತ್ತಾರೆ. ಮರ್ಯಾದೆ ಎಂದರೆ ಗಡುವು. ಬೀಸಿದ ಹಿಟ್ಟು ಚಳಿಗಾಲದಲ್ಲಿ ಏಳು ದಿನ ನಡೆಯುತ್ತದೆ, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಬರೀ ಮೂರು. ಅದು ದಾಟಿದರೆ ಕಣ್ಣಿಗೆ ಕಾಣದ ಜೀವ ಹುಟ್ಟುತ್ತದೆಂದು ಅವರು ಅದನ್ನು ಮುಟ್ಟುವುದಿಲ್ಲ. ಅಂಗಡಿಯ ಹಿಟ್ಟು ಎಂದು ಬೀಸಿದ್ದೋ ಯಾರಿಗೆ ಗೊತ್ತು? ನಾನು ಗಡಹಿಂಗ್ಲಜದ ತವರಿನಿಂದ ಗೋಧಿ ತರಿಸಿ, ಹಸನು ಮಾಡಿ, ಬೀಸಿ, ಪಾಕೀಟಿನ ಮೇಲೆ ಬೀಸಿದ ತಾರೀಖು ಬರೆದು ಕೊಡತೊಡಗಿದೆ. ನಿಜ ಹೇಳಬೇಕೆಂದರೆ ಜನ ದುಡ್ಡು ಕೊಡುತ್ತಿದ್ದುದು ಆ ತಾರೀಖಿಗೆ.

ಮಳೆಗಾಲದಲ್ಲಿ ರವಿವಾರ ಒಮ್ಮೆ, ಬುಧವಾರ ಕೆಲಸದಿಂದ ಬಂದ ಮೇಲೆ ಒಮ್ಮೆ ಬೀಸುತ್ತಿದ್ದೆ. ಒಂದೆರಡು ಸಲ ಪಾಕೀಟು ಮುಟ್ಟಿಸಲು ಹೋಗಿ ಕಾರ್ಖಾನೆಗೆ ತಡವಾಗಿದ್ದೂ ಉಂಟು. ಮ್ಯಾನೇಜರರು ಎಲ್ಲರ ಮುಂದೆಯೇ ನಿಲ್ಲಿಸಿ ಅಂದಿದ್ದರು: “ಹಿಟ್ಟ ಬೀಸ್ತಿಯಂತ, ಭಾಳ ಚಲೋ. ಖರೆ ಇನ್ನೊಮ್ಮೆ ಕೆಲಸದ ಹೊತ್ತಿನ್ಯಾಗ ಹಿಟ್ಟಿನ ಹಿಂದ ಓಡಿದಿ ಅಂದ್ರ, ಮನ್ಯಾಗ ಕುಂತ ಅದನ್ನ ಬೀಸಕೋತ ಇರು.” ಎದುರು ಮಾತಾಡಲು ಬಾಯಿ ತುರಿಸಿತು. ಮಗಳ ಕಾಲೇಜು ನೆನಪಾಗಿ ಮೇಜಿನ ಮುಂದೆ ಹೋಗಿ ನಿಂತೆ. ಹಿಟ್ಟಿನಿಂದ ಕೈಖರ್ಚು ನಡೆಯುತ್ತಿತ್ತು, ಮನೆ ನಡೆಯುತ್ತಿದ್ದುದು ಸಂಬಳದಿಂದಲೇ.

ಆ ಶ್ರಾವಣದಲ್ಲಿ ಒಂದು ಬುಧವಾರ ಬೀಸಲಾಗಲಿಲ್ಲ. ಶುಕ್ರವಾರ ಮುಂಬೈಯಿಂದ ಬಟ್ಟೆ ಕೊಳ್ಳುವವರು ಬರುವವರಿದ್ದರು, ಅದಕ್ಕೆ ನಮ್ಮನ್ನು ಎರಡನೆಯ ಪಾಳಿಗೂ ನಿಲ್ಲಿಸಿಕೊಂಡರು. ಗುರುವಾರ ಕೊಲ್ಲಾಪುರದ ಮಾವಶಿಗೆ ಪಾಕೀಟು ಕಳಿಸಬೇಕಿತ್ತು. ಅವರು ಸ್ವಂತ ಚಿಕ್ಕಮ್ಮನಲ್ಲ, ನಮ್ಮ ಗಡಹಿಂಗ್ಲಜದಿಂದಲೇ ಕೊಲ್ಲಾಪುರಕ್ಕೆ ಮದುವೆಯಾಗಿ ಹೋದವರು, ಅವ್ವನ ಗೆಳತಿ. “ನಮ್ಮೂರ ಹುಡುಗಿ, ಸುಳ್ಳ ಬರಿಯಾಂಗಿಲ್ಲ” ಎಂದು ಹತ್ತು ಮನೆಗೆ ಹೇಳಿ ಗಿರಾಕಿ ಕೊಡಿಸಿದವರು. ಡಬ್ಬದಲ್ಲಿ ರವಿವಾರದ ಹಿಟ್ಟು ಉಳಿದಿತ್ತು. ಮೂಸಿ ನೋಡಿದೆ, ಏನೂ ಆಗಿರಲಿಲ್ಲ. ಪಾಕೀಟು ಕಟ್ಟಿ, ಮೇಲೆ ಬುಧವಾರದ ತಾರೀಖು ಬರೆದೆ. ಬರೆಯುವಾಗ ಎರಡನೆಯ ಸಲ ಯೋಚಿಸಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಶುಕ್ರವಾರ ಒಂಬತ್ತಕ್ಕೆ ಚಹಾದ ಬಿಡುವಿನಲ್ಲಿ ಮೊಬೈಲ್ ತೆಗೆದರೆ ಮಾವಶಿ ನಸುಕಿನಲ್ಲೇ ವಾಟ್ಸಾಪಿಗೆ ಮಾತಾಡಿ ಕಳಿಸಿದ್ದರು. “ಮಗಳ, ಇವತ್ತ ನಮ್ಮ ಮನ್ಯಾಗ ಚೌಕಾ ಹಾಕೇವಿ. ಮಹಾರಾಜರ ಆಹಾರಕ್ಕ ನಿನ್ನ ಹಿಟ್ಟಿನ ಚಪಾತಿನ ಮಾಡಾಕತ್ತೇವಿ. ನಿನಗೂ ಪುಣ್ಯ ಬರಲಿ.”

ಚಾತುರ್ಮಾಸಕ್ಕೆ ಅವರ ಬಡಾವಣೆಯ ಬಸದಿಯಲ್ಲಿ ಮುನಿಮಹಾರಾಜರು ತಂಗಿದ್ದರು. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತು, ಬೊಗಸೆಯಲ್ಲಿ ಆಹಾರ ತಗೊಳ್ಳುತ್ತಾರೆ. ಊಟದ ನಡುವೆ ಏನಾದರೂ ಅಶುದ್ಧ ಎಂದು ತಿಳಿದರೆ ಅಲ್ಲಿಗೆ ಕೈ ಬಿಡುತ್ತಾರೆ, ಮರುದಿನದವರೆಗೆ ನೀರೂ ಇಲ್ಲ. ಅವರಿಗಾಗಿ ಶುದ್ಧ ಬಟ್ಟೆಯುಟ್ಟು ಅಡಿಗೆ ಮಾಡುವುದಕ್ಕೇ ಚೌಕಾ ಅನ್ನುವುದು. ಮನೆಯವರು ಬಾಗಿಲಲ್ಲಿ ಕಲಶ ಹಿಡಿದು ನಿಂತು, ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಜಲ ಶುದ್ಧ ಎಂದು ಬಾಯಿಬಿಟ್ಟು ಹೇಳಬೇಕು. ಮಾವಶಿ ಆ ಮಾತನ್ನು ನನ್ನ ಬುಧವಾರದ ತಾರೀಖನ್ನು ನಂಬಿ ಹೇಳುವವರಿದ್ದರು.

ಫೋನ್ ಹಚ್ಚಿದೆ. ಮೂರು ಸಲ, ನಾಲ್ಕು ಸಲ. ಎತ್ತಲಿಲ್ಲ. ಆಮೇಲೆ ಹೊಳೆಯಿತು: ಚೌಕಾದ ಬಟ್ಟೆಯುಟ್ಟವರು ಮೊಬೈಲ್ ಮುಟ್ಟುವುದಿಲ್ಲ.

ಆಹಾರದ ಹೊತ್ತು ಹತ್ತು ಗಂಟೆ. ಮುಂಬೈಯವರು ಬರುವುದು ಹನ್ನೊಂದಕ್ಕೆ. ನನ್ನ ಮೇಜಿನ ಮೇಲೆ ಇನ್ನೂ ನೋಡದ ಬಟ್ಟೆ ಬಿದ್ದಿತ್ತು. ಹೋದರೆ ಕೆಲಸ ಹೋಗುತ್ತದೆ, ಹೋಗದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಈ ‘ಗೊತ್ತಾಗುವುದಿಲ್ಲ’ವೇ ಹೆದರಿಸಿತು. ಮ್ಯಾನೇಜರರ ಕೋಣೆಗೆ ಹೋಗಿ, “ಸಾಹೇಬ, ಹಿಟ್ಟಿನ ಸಲುವಾಗೇ ಹೊಂಟೇನಿ. ತಪ್ಪ ಆಗೇತಿ, ಕೊಲ್ಲಾಪುರಕ್ಕ ಹೋಗಬೇಕ್ರಿ” ಎಂದೆ. ಅವರು ತಲೆಯೆತ್ತಿ, “ಇವತ್ತಽ?” ಎಂದರು. ಅಷ್ಟರಲ್ಲಿ ನಾನು ಬಾಗಿಲು ದಾಟಿದ್ದೆ.

ಸ್ಕೂಟಿ ಹತ್ತಿದಾಗ ಮಳೆ ಜೋರಾಗಿತ್ತು. ಹಾತಕಣಂಗಲೆ ದಾಟುವಷ್ಟರಲ್ಲಿ ರೇನ್‌ಕೋಟಿನ ಒಳಗೂ ನೀರು ಇಳಿದಿತ್ತು. ತಲೆಯಲ್ಲಿ ಒಂದೇ ಲೆಕ್ಕ. ಮಹಾರಾಜರು ಬರುವ ಮೊದಲು ಮುಟ್ಟಿದರೆ ಹೇಳಬಹುದು. ಊಟ ಶುರುವಾದ ಮೇಲೆ ಮುಟ್ಟಿದರೆ? ಹೇಳಿದರೆ ಅವರು ಉಪವಾಸ, ಹೇಳದಿದ್ದರೆ ಅವರ ವ್ರತಕ್ಕೆ ನಾನು ಮಣ್ಣು ಹಾಕಿದ ಹಾಗೆ. ದಾರಿಯುದ್ದಕ್ಕೂ ಎದುರಿಗೆ ಬಂದ ಲಾರಿಗಳಿಗೆಲ್ಲ ಬೈದೆ. ಅಳುವುದಕ್ಕಿಂತ ಬೈಯುವುದು ನನಗೆ ಸುಲಭ.

ಓಣಿ ಹೊಕ್ಕಾಗ ಹತ್ತಕ್ಕೆ ಐದು ನಿಮಿಷ ಇತ್ತು. ಮಾವಶಿ ಮತ್ತು ಅವರ ಸೊಸೆ ಬಾಗಿಲ ಮುಂದೆ ಚಪ್ಪರದ ಕೆಳಗೆ ಕಲಶ ಹಿಡಿದು ನಿಂತಿದ್ದರು. ಮಹಾರಾಜರು ಇನ್ನೂ ಬಂದಿರಲಿಲ್ಲ. ನನ್ನನ್ನು ಕಂಡು ಮಾವಶಿಯ ಮುಖ ಅರಳಿತು.

“ಬಂದ್ಯಾ ಮಗಳ! ದರ್ಶನಕ್ಕ ಬಂದಿ ಏನ?”

ಕಾರ್ಖಾನೆಯ ಬಟ್ಟೆಯಲ್ಲಿ ಅವರ ಹತ್ತಿರ ಹೋಗುವಂತಿರಲಿಲ್ಲ. ರಸ್ತೆಯಲ್ಲೇ ನಿಂತು, ಆಚೀಚೆ ಮನೆಯವರು ಕೇಳುವ ಹಾಗೆ ಕೂಗಿ ಹೇಳಬೇಕಾಯಿತು. “ಮಾವಶಿ, ಆ ಹಿಟ್ಟ ಬುಧವಾರದ್ದಲ್ರಿ. ರವಿವಾರದ್ದ. ನಾ ಸುಳ್ಳ ತಾರೀಖ ಬರದೇನ್ರಿ.”

ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಅವರು ಸೊಸೆಯ ಕಡೆ ತಿರುಗಿ, “ಚಪಾತಿ, ಹಿಟ್ಟು, ಹಂಚು, ಎಲ್ಲಾ ಚೌಕಾದ ಹೊರಗ ಇಡು. ಕೈ ತೊಳಕೊಂಡ ಬಾ. ಅನ್ನ, ಬ್ಯಾಳಿ, ಹಾಲು ಸಾಕು” ಎಂದರು. ಸೊಸೆ ಒಳಗೆ ಓಡಿದಳು. ಅವಳು ತಿರುಗಿ ಬಂದು ನಿಲ್ಲುವುದಕ್ಕೂ ಓಣಿಯ ತಿರುವಿನಲ್ಲಿ ಮಹಾರಾಜರು ಕಾಣಿಸುವುದಕ್ಕೂ ಸರಿಹೋಯಿತು.

ಆಹಾರಕ್ಕೆ ಹೊರಟ ಗುರುತಾಗಿ ಬಲಗೈಯ ಬೆರಳುಗಳನ್ನು ಹೆಗಲಿಗೆ ಮುಟ್ಟಿಸಿಕೊಂಡು, ಕಲಶ ಹಿಡಿದು ಕಾದಿದ್ದ ಎರಡು ಮನೆ ದಾಟಿ, ಅವರು ಮಾವಶಿಯ ಮುಂದೆಯೇ ನಿಂತರು. ನಾನು ಎದುರಿನ ಗೋಡೆಗೆ ಆನಿಕೊಂಡೆ. ಮಾವಶಿ ಪ್ರದಕ್ಷಿಣೆ ಹಾಕಿ ಹೇಳತೊಡಗಿದರು. ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ. ಅಲ್ಲಿಗೆ ನಿಲ್ಲಿಸಿ, ಮಹಾರಾಜರ ಹೆಗಲಾಚೆಯಿಂದ ನನ್ನನ್ನು ನೋಡಿದರು. ಉಳಿದ ಅಡಿಗೆಯಲ್ಲಿ ನನ್ನದೇನೂ ಇರಲಿಲ್ಲ, ಅವರಿಗೂ ಗೊತ್ತು. ಆದರೂ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆಯೇ ಅವರು, ಆಹಾರ ಜಲ ಶುದ್ಧ, ಎಂದರು.

ಮಹಾರಾಜರ ಆಹಾರ ಮುಗಿಯುವವರೆಗೆ ಅಲ್ಲೇ ನಿಂತಿದ್ದು, ಯಾರಿಗೂ ಹೇಳದೆ ಹೊರಟುಬಂದೆ. ಕಾರ್ಖಾನೆ ಮುಟ್ಟಿದಾಗ ನನ್ನ ಮೇಜಿನ ಮುಂದೆ ಬೇರೊಬ್ಬಳು ನಿಂತಿದ್ದಳು. ಮ್ಯಾನೇಜರರು ಕೆಲಸದಿಂದ ತೆಗೆಯಲಿಲ್ಲ, ಬಟ್ಟೆ ಮಡಚುವ ವಿಭಾಗಕ್ಕೆ ಹಾಕಿದರು. ಸಂಬಳವೂ ಇಳಿಯಿತು. ಹನ್ನೊಂದು ವರ್ಷ ತಪ್ಪು ಹುಡುಕಿದವಳು ಈಗ ಬೇರೆಯವರು ನೋಡಿ ಬಿಟ್ಟ ಬಟ್ಟೆಯನ್ನು ಮಡಚಿಡುತ್ತೇನೆ. ಮೊದಲ ತಿಂಗಳು ದಿನಾ ಸಿಟ್ಟು ಬರುತ್ತಿತ್ತು.

ಹಿಟ್ಟಿನ ವ್ಯಾಪಾರ ಬಿಡಬೇಕೆಂದುಕೊಂಡಿದ್ದೆ. ಗಿರಾಕಿಗಳಿಗೆಲ್ಲ ನಾನೇ ಫೋನ್ ಮಾಡಿ ನಡೆದದ್ದು ಹೇಳಿದೆ. ಅರ್ಧಕ್ಕಿಂತ ಹೆಚ್ಚು ಮನೆಯವರು ಬಿಟ್ಟರು. ಹದಿನೈದು ದಿನದ ಮೇಲೆ ಮಾವಶಿಯ ಫೋನ್ ಬಂತು. ಅವರು ಅಂದಿನ ಸುದ್ದಿ ತೆಗೆಯಲೇ ಇಲ್ಲ.

“ಎರಡ ಪಾಕೀಟ ಕಳಸು. ಮ್ಯಾಲ ಏನೂ ಬರೀಬ್ಯಾಡ. ಎಂದ ಬೀಸಿದಿ ಅನ್ನೂದು ನನಗ ಬಾಯಿಲೆ ಹೇಳು, ನಾ ಬರಕೋತೇನಿ.”

ಎರಡು ವರ್ಷವಾಯಿತು. ಉಳಿದ ಮನೆಗಳ ಪಾಕೀಟಿಗೆ ನಾನೇ ತಾರೀಖು ಬರೆಯುತ್ತೇನೆ. ಮಾವಶಿಯದು ಮಾತ್ರ ಖಾಲಿ ಹೋಗುತ್ತದೆ. ಪಾಕೀಟು ಮುಟ್ಟಿದೊಡನೆ ಅವರ ಫೋನ್ ಬರುತ್ತದೆ. ಅವ್ವನ ಆರೋಗ್ಯ ಕೇಳುತ್ತಾರೆ, ಮಗಳ ಕಾಲೇಜು ಕೇಳುತ್ತಾರೆ, ಗಡಹಿಂಗ್ಲಜದ ಮಳೆ ಕೇಳುತ್ತಾರೆ. ಆಮೇಲೆ, “ಎಂದ ಬೀಸಿದ್ದು?” ಅನ್ನುತ್ತಾರೆ. ನಾನು ಹೇಳುತ್ತೇನೆ. ಅವರು ಬರೆದುಕೊಳ್ಳುವವರೆಗೆ ಫೋನ್ ಹಿಡಿದು ನಿಂತಿರುತ್ತೇನೆ.