ಬಾಯಿ ಮುಚ್ಚಿ ಹಾಕಿದ ಕೊಂಡಿ

ಇಳಕಲ್ಲಿನಲ್ಲಿ ನಾನು ಮೊದಲು ಕಂಡದ್ದು ಸೆರಗಿಲ್ಲದ ಸೀರೆ. ದೊಡ್ಡಬಳ್ಳಾಪುರದ ನಮ್ಮ ಮಗ್ಗಗಳಲ್ಲಿ ಒಡಲಿಗೂ ಸೆರಗಿಗೂ ಒಂದೇ ಹಾಸು, ಅಂದರೆ ಉದ್ದದ ಎಳೆಗಳ ಒಂದೇ ಸಾಲು, ನೇಯುತ್ತ ಹೋದರೆ ಮುಗಿಯಿತು. ಇಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎದುರುಬದುರು ಹಿಡಿದು ಎಳೆಗೆ ಎಳೆ ಸಿಕ್ಕಿಸಿ ಬೆಸೆಯಬೇಕು. ಇದಕ್ಕೆ ಕೊಂಡಿ ಎನ್ನುತ್ತಾರೆ. ಸಾವಿರಾರು ಎಳೆಗಳಲ್ಲಿ ಒಂದು ತಪ್ಪಿದರೂ ಸೆರಗು ಹೇಳಿಬಿಡುತ್ತದೆ.

ನಮ್ಮ ಕಡೆ ಮಗ್ಗದ ಕೆಲಸ ಕಡಿಮೆಯಾಗಿ, ಬಾಗಲಕೋಟೆಯವರೆಗೆ ರೈಲು, ಅಲ್ಲಿಂದ ಹುನಗುಂದದ ಮೇಲೆ ಎತ್ತಿನ ಗಾಡಿ ಹಿಡಿದು ಬಂದವನು ನಾನು. ಅಲ್ಲಿಯ ನೇಕಾರ ಸಂಗಪ್ಪನವರ ಮನೆಯಲ್ಲಿ ಮಗ್ಗ ಸಿಕ್ಕಿತು. ಮುದ್ದೆಯ ಬಾಯಿಗೆ ಜೋಳದ ರೊಟ್ಟಿ ಒಗ್ಗಿತು. ನನ್ನ ‘ಬರುತ್ತೇನೆ, ಹೋಗುತ್ತೇನೆ’ ಕೇಳಿ ಬೀದಿಯೇ ನಗುತ್ತಿತ್ತು. ನಗಲಿ ಎಂದುಕೊಂಡೆ. ಕೆಲಸ ಕೈಗೆ ಹತ್ತಿದ ಕೂಡಲೇ ಕಾಗದ ಬರೆಯುತ್ತೇನೆ, ನೀನು ಮಗುವನ್ನು ಕರೆದುಕೊಂಡು ಬಾ ಎಂದು ಹೆಂಡತಿ ಕಮಲಮ್ಮನಿಗೆ ಮಾತು ಕೊಟ್ಟಿದ್ದೆ.

ಎರಡು ತಿಂಗಳಾದರೂ ಕಾಗದ ಬರೆಯಲಿಲ್ಲ. ಕಾರಣ ನನ್ನ ತಲೆ.

ಬೆಳಿಗ್ಗೆ ಏನೂ ಇರುತ್ತಿರಲಿಲ್ಲ. ಮಧ್ಯಾಹ್ನ ಕಳೆಯುತ್ತಿದ್ದಂತೆ ಹಣೆಯ ಎರಡೂ ಕಡೆ, ಹಿಂದೆ ಕತ್ತಿನವರೆಗೆ, ಯಾರೋ ರುಮಾಲು ಸುತ್ತಿ ಬಿಗಿದ ಹಾಗೆ. ತಲೆಯ ರುಮಾಲು ಬಿಚ್ಚಿಟ್ಟೆ, ಬಿಗಿ ಬಿಚ್ಚಲಿಲ್ಲ. ನನ್ನ ದೊಡ್ಡಪ್ಪನಿಗೂ ತಲೆನೋವೇ ಮೊದಲು ಬಂದದ್ದು, ಆಮೇಲೆ ಕಣ್ಣು ಹೋಯಿತು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ದೂರದ ಬೇವಿನ ಮರದ ಎಲೆ ಬಿಡಿಬಿಡಿಯಾಗಿ ಕಾಣುತ್ತದೆಯೋ ಎಂದು ನೋಡುತ್ತಿದ್ದೆ. ಕಂಡರೂ ನಂಬಿಕೆಯಿಲ್ಲ, ಮತ್ತೆ ನೋಡುತ್ತಿದ್ದೆ. ಕುರುಡನಾಗುವವನು ಹೆಂಡತಿಯನ್ನು ಪರವೂರಿಗೆ ಕರೆಸಿಕೊಂಡು ಏನು ಮಾಡಬೇಕು? ಸಂಗಪ್ಪನವರಿಗೆ ಹೇಳುವ ಧೈರ್ಯವೂ ಬರಲಿಲ್ಲ.

ಕೊಂಡಿ ಹಾಕುವಾಗ ನನ್ನೆದುರು ಕೂರುತ್ತಿದ್ದವರು ಸಂಗಪ್ಪನವರ ತಾಯಿ ಗಂಗವ್ವ. ಬೆರಳು ಎಳೆಯ ಮೇಲೆ, ಬಾಯಿ ಊರ ಮೇಲೆ. ಯಾರ ಎಮ್ಮೆ ಕರು ಹಾಕಿತು, ಬಾದಾಮಿಯ ಬೀಗರು ಏನು ಉಟ್ಟುಬಂದರು, ಎಲ್ಲವೂ ಬೇಕು. ನಮ್ಮ ಮನೆಯಲ್ಲಿ ಎಳೆ ಮುಟ್ಟಿದಾಗ ಯಾರೂ ತುಟಿ ಬಿಚ್ಚುವಂತಿಲ್ಲ, ಅದು ಅಪ್ಪನ ಕಟ್ಟಪ್ಪಣೆ. ಈಕೆಯ ಹರಟೆಯಿಂದಲೇ ತಲೆ ಸಿಡಿಯುತ್ತಿದೆ ಎಂದು ನನಗೆ ಖಾತ್ರಿಯಾಯಿತು.

“ಸ್ವಲ್ಪ ಸುಮ್ಮನಿರುತ್ತೀರಾ, ಗಂಗವ್ವನವರೇ?” ಎಂದುಬಿಟ್ಟೆ.

ಮುದುಕಿ ನನ್ನನ್ನು ನೋಡಿದರು. “ಆತಪಾ. ನೀ ಒಬ್ಬಾವನ ಹಾಕ್ಕೋ” ಎಂದು ಸೀರೆ ಕೊಡವಿ ಎದ್ದು ಹೋದರು.

ಒಬ್ಬನೇ ಕೂತೆ. ಮನೆ ತಣ್ಣಗಾಯಿತು, ನೋವು ಇನ್ನೂ ಹೆಚ್ಚಾಯಿತು. ಕೊನೆಗೆ ಪಕ್ಕದ ಓಣಿಯ ಹಕೀಮ ಸಾಹೇಬರ ಮುಂದೆ ಹೋಗಿ ನಿಂತೆ.

“ಒಂದ ಮಗ್ಗಲಕ್ಕ ಬಡಕೊಳ್ತೈತೇನ್ರಿ? ವಾಂತಿ? ಬೆಳಕ ನೋಡಿದ್ರ ತ್ರಾಸ?”

ಇಲ್ಲ ಎಂದೆ.

“ಜ್ವರ? ಕೈಕಾಲು ಜೋಮು? ಕಣ್ಣ ಮಂಜು?”

ಅವೂ ಇಲ್ಲ ಎಂದೆ. ಅವರು ನನ್ನ ಕುತ್ತಿಗೆಯ ಬುಡ ಒತ್ತಿದರು, ಚೀರಿದೆ. ಅಲ್ಲಿ ಗಂಟು ಕಟ್ಟಿದಂತಿತ್ತು. ಕೈಗೆ ಎರಡು ದಾರ ಕೊಟ್ಟು, “ಕೊಂಡಿ ಹ್ಯಾಂಗ ಹಾಕ್ತೀರಿ, ತೋರಸ್ರಿ” ಎಂದರು.

ತೋರಿಸಿದೆ. ಅವರು ದಾರ ನೋಡಲೇ ಇಲ್ಲ. ನನ್ನ ದವಡೆಯ ಮೇಲೆ ಬೆರಳಿಟ್ಟರು.

“ಹಲ್ಲ ಕಚ್ಚೀರಿ. ಭುಜ ಕಿವಿಗೆ ಹತ್ಯಾವ. ಉಸರಂತೂ ಇಲ್ಲಽ ಇಲ್ಲ. ದಿನಾ ಮುಂಜಾನಿಂದ ಸಂಜಿತನಕ ಹಿಂಗ ಕುಂತ್ರ ಕಲ್ಲಿಗೂ ತಲಿನೋವ ಬರ್ತೈತಿ.”

“ಕಣ್ಣು?” ಎಂದೆ.

“ಕಣ್ಣಿಗೇನೂ ಆಗಿಲ್ರಿ. ಆದ್ರ ಒಮ್ಮಿಂದೊಮ್ಮೆ ಸಿಡಿಲ ಬಡದಂಗ ನೋವ ಬಂದ್ರ, ಇಲ್ಲಾ ಜ್ವರ, ಜೋಮು, ಕಣ್ಣ ಮಂಜು ಕೂಡಿ ಬಂದ್ರ, ಕುಂದರಬ್ಯಾಡ್ರಿ, ಓಡಿ ಬರ್ರಿ. ಈಗ ಕುತ್ತಿಗಿಗೆ ಬಿಸಿನೀರಾಗ ಹಿಂಡಿದ ಅರಿವಿ ಇಡ್ರಿ. ಹೊತ್ತಿಗೆ ಊಟ, ನೀರು, ನಿದ್ದಿ. ತಾಸಿಗೊಮ್ಮೆ ಎದ್ದ ಓಡ್ಯಾಡ್ರಿ.” ಆಮೇಲೆ ನಕ್ಕರು. “ಬಾಯಿ ಮುಚ್ಚಿ ಕೊಂಡಿ ಹಾಕೋದು ಯಾರ ಕಲಿಸಿದ್ರಿ? ಮಾತಾಡೋ ಬಾಯಿ ಹಲ್ಲ ಕಚ್ಚಂಗಿಲ್ರಿ. ನಮ್ಮೂರ ಮಂದಿ ಸುಮ್ಮಸುಮ್ಮನ ಹರಟಿ ಹೊಡಿಯಂಗಿಲ್ಲ.”

ನಾಚಿಕೆಯಿಂದ ಮುಖ ಬಿಸಿಯಾಯಿತು. ಮರುದಿನ ಗಂಗವ್ವನ ಮುಂದೆ ನಿಂತು, “ಯವ್ವಾ, ಬಂದು ಕೂತ್ಕೊಳ್ಳಿ” ಎಂದೆ. ಎರಡು ಊರಿನ ಮಾತು ಒಂದೇ ಉಸಿರಿನಲ್ಲಿ ಬಂತು. ಅವರು ಗೆದ್ದವರಂತೆ ಕೂತು, “ಹೇಳ ತಮ್ಮಾ, ನಿನ್ನ ಹೇಣ್ತಿ ಯಾವಾಗ ಬರ್ತಾಳ?” ಎಂದರು. ಉತ್ತರ ಹೇಳಲು ದವಡೆ ಸಡಿಲಿಸಲೇಬೇಕಾಯಿತು.

ನೋವು ಒಂದೇ ದಿನಕ್ಕೆ ಹೋಗಲಿಲ್ಲ. ಆದರೆ ನೋವಿಲ್ಲದ ಹೊತ್ತು ಹೆಚ್ಚಿತು. ಬೇವಿನ ಮರ ನೋಡುವುದನ್ನು ಮಾತ್ರ ಇಂದಿಗೂ ಬಿಟ್ಟಿಲ್ಲ, ಹೆದರಿಕೆ ಕುತ್ತಿಗೆಯ ಗಂಟಿನಷ್ಟು ಬೇಗ ಕರಗುವುದಿಲ್ಲ. ಕಾಗದ ಬರೆದೆ, ಕರೆತರಲು ನಾನೇ ಹೊರಟೆ.

ದೊಡ್ಡಬಳ್ಳಾಪುರದಲ್ಲಿ ಕಮಲಮ್ಮ ಹೊರಡಲು ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಅಪ್ಪ ಮಗ್ಗದಲ್ಲಿ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೆಚ್ಚುತ್ತಿದ್ದರು. ನೆರವಿಗೆ ಕೂತು, ದಾರಿಯಲ್ಲಿ ಕಂಡ ಮಲಪ್ರಭೆಯ ಮಾತು ತೆಗೆದೆ.

“ಶ್! ಎಳೆ ಮುಟ್ಟಿದಾಗ ಮಾತೇನೋ?”

ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಹಣೆಗೆ ಆ ರುಮಾಲು ಮತ್ತೆ ಸುತ್ತಿಕೊಂಡಿತು. ತಲೆಯೆತ್ತಿ ನೋಡಿದರೆ ಅಪ್ಪನ ದವಡೆ ಬಿಗಿದಿತ್ತು, ಭುಜ ಕಿವಿಗೆ ಹತ್ತಿತ್ತು. ಎಡಗೈ ತನ್ನಷ್ಟಕ್ಕೆ ಹಣೆಯ ಪಕ್ಕ ತೀಡುತ್ತಿತ್ತು. ಚಿಕ್ಕಂದಿನಿಂದ ನೋಡಿದ ಕೈ ಅದು. ಅಣ್ಣನ ಕಣ್ಣು ಹೋದ ಹಾಗೆ ತನ್ನದೂ ಹೋಗುತ್ತದೆಂದು ಇವರೂ ಒಳಗೊಳಗೇ ಹೆದರುತ್ತ ಬಂದಿದ್ದರೇ?

“ಯಪ್ಪಾ, ಹಲ್ಲ ಸಡ್ಲ ಬಿಡ್ರಿ” ಎಂದೆ.

ಅಪ್ಪ ಎಳೆ ಹಿಡಿದ ಕೈಯಲ್ಲೇ ನನ್ನನ್ನು ದಿಟ್ಟಿಸಿದರು.

“ಯಾವೂರಯ್ಯ ನಿಂದು?”