ಕಡ್ಡಾಯವಲ್ಲದ ಶುಕ್ರವಾರ

ಕೋವಿಡ್ ಕಾಲದಲ್ಲಿ ನಮ್ಮ ಟೋಕಿಯೋ ಆಫೀಸಿನ ಮ್ಯಾನೇಜರ್ ಪ್ರತಿ ಶುಕ್ರವಾರ ಸಂಜೆ ಆನ್‌ಲೈನಿನಲ್ಲೇ ಗುಂಡು ಪಾರ್ಟಿ ಇಟ್ಟುಕೊಳ್ಳುತ್ತಿದ್ದರು. ಅದಕ್ಕೂ ಟೈ ಕಟ್ಟಿಕೊಂಡೇ ಕೂರುತ್ತಿದ್ದರು. ವಂದಿಸಲು ಬಾಗಿದರೆ ಪರದೆಯ ತುಂಬ ಬರೀ ನೆತ್ತಿ. “ಕಡ್ಡಾಯವಲ್ಲ, ಆದರೆ ಎಲ್ಲರೂ ಬರ್ತಾರೆ” ಎನ್ನುವುದು ಅವರ ಪಲ್ಲವಿ. ಬಂದವರಲ್ಲಿ ಯಾರೂ ಮೊದಲು ಏಳುತ್ತಿರಲಿಲ್ಲ. ಜಪಾನಿನಲ್ಲಿ ಹಾಗೆ ಮೊದಲು ಏಳುವುದು ಮರ್ಯಾದೆಯಲ್ಲ. ಬಿಯರ್ ಮಗ್ಗಿನಲ್ಲಿ ಮಜ್ಜಿಗೆ ಹಿಡಿದು ನಾನೂ ನಗುತ್ತಿದ್ದೆ.

ಒಮ್ಮೆ ಅಡುಗೆಮನೆಯಿಂದ ಹೆಂಡತಿ ಗದರಿದಳು: “ರೀ, ಕಂಪಲ್ಸರಿ ಅಲ್ಲ ಅಂದ್ಮೇಲೆ ಎದ್ದು ಬನ್ರೀ, ಸಾರು ಆರಿಹೋಗ್ತಿದೆ!”

“ಸುಮಿಮಾಸೆನ್, ಊಟ ಆರ್ತಿದೆ, ಹೊರಡಲಾ?” ಎಂದು ಜಪಾನಿ ಮಾತಲ್ಲೇ ಕ್ಷಮೆ ಕೇಳಿದೆ.

“ಅದು ನಿಮ್ಮ ಹಕ್ಕು” ಎಂದು ಅವರು ಬಾಗಿದರು. ನನ್ನ ಬೆನ್ನಿಗೇ ಎಲ್ಲರೂ “ಸುಮಿಮಾಸೆನ್” ಎಂದು ಮಾಯವಾದರು.

ಸೋಮವಾರ ಮ್ಯಾನೇಜರಿಂದ ನನಗೊಬ್ಬನಿಗೇ ಫೋನ್ ಬಂತು. ಕೆಲಸ ಹೋಯಿತೆಂದುಕೊಂಡೆ.

“ಈ ಶುಕ್ರವಾರ ನೀವು ಮಾತ್ರ ಕಡ್ಡಾಯವಾಗಿ ಬರಬೇಕು” ಎಂದು ಪಿಸುಗುಟ್ಟಿದರು. “ಬಂದು ಸ್ವಲ್ಪ ಬೇಗ ಎದ್ದುಬಿಡಿ. ಕರೆದವನು ನಾನೇ ಮೊದಲು ಏಳೋ ಹಾಗಿಲ್ಲ, ನಮ್ಮನೇಲೂ ಊಟ ಆರಿಹೋಗುತ್ತೆ.”